ಒಂದು ಕಲ್ಲಿಗೆ ಎರಡು ಕೈ

ಬನ್ನಿ ಮಕ್ಕಳೇ, ಹತ್ತಿರ ಬನ್ನಿ. ಆ ಮೂಲೆಗೊಬ್ಬ, ಈ ಮೂಲೆಗೊಬ್ಬಳು ಬೇಡ. ಮೊಣಕಾಲಿಗೆ ಮೊಣಕಾಲು ತಾಗಲಿ. ಹಾಂ, ಹಾಗೆ. ಈಗ ಕೇಳಿ.

ಕೆಂಗಲ್ಲು ಅಂತ ಒಂದು ಸೀಮೆ. ಆ ಸೀಮೆಗೆ ಮಾದರಸ ಅಂತ ಒಬ್ಬ ದೊರೆ. ಅವನಿಗೆ ಅನ್ನಕ್ಕೆ ಕೊರತೆ ಇರಲಿಲ್ಲ. ಆನೆ ಕುದುರೆಗೆ ಕೊರತೆ ಇರಲಿಲ್ಲ. ನೆಮ್ಮದಿಗೆ ಮಾತ್ರ ಕೊರತೆ. ಯಾಕೆ ಅಂತೀರಾ? ಅವನ ಸೀಮೆಯಲ್ಲಿ ಎರಡು ಥರದ ಜನ ಇದ್ದರು. ಬೆಟ್ಟದ ಮೇಲೆ ಬೆಟ್ಟದವರು, ಬಯಲಿನಲ್ಲಿ ಬಯಲವರು. ಬೆಟ್ಟದವರು ಜೇನು ಇಳಿಸುತ್ತಿದ್ದರು, ಗೆಡ್ಡೆ ಅಗೆಯುತ್ತಿದ್ದರು, ಇಳಿಜಾರಿನಲ್ಲಿ ರಾಗಿ ಚೆಲ್ಲುತ್ತಿದ್ದರು. ಬಯಲವರು ಕೆರೆ ಕಟ್ಟಿ ಗದ್ದೆ ಮಾಡುತ್ತಿದ್ದರು. ಮಾತು ಬೇರೆ, ಉಡುಗೆ ಬೇರೆ, ದೇವರು ಬೇರೆ. ಅದರಲ್ಲೇನೂ ತಪ್ಪಿಲ್ಲ ಬಿಡಿ. ತಪ್ಪಿದ್ದದ್ದು ಬಾಯಲ್ಲಿ.

'ಬೆಟ್ಟದವರು ಕೊಳಕರು, ಕೈ ಉದ್ದ' ಅಂತ ಬಯಲವರು ಅನ್ನೋರು.

'ಬಯಲವರ ಬಾಯಲ್ಲಿ ಬೆಲ್ಲ, ಕಂಕುಳಲ್ಲಿ ಕತ್ತಿ' ಅಂತ ಬೆಟ್ಟದವರು ಅನ್ನೋರು.

ಅನ್ನುತ್ತಿದ್ದವರಲ್ಲಿ ಒಬ್ಬರಾದರೂ ಇನ್ನೊಬ್ಬರ ಮನೆಯ ಹೊಸಿಲು ತುಳಿದಿದ್ದರಾ? ಇಲ್ಲ. ಒಬ್ಬರ ಒಲೆಯ ಮುಂದೆ ಇನ್ನೊಬ್ಬರು ಕೂತಿದ್ದರಾ? ಅದೂ ಇಲ್ಲ. ಅಜ್ಜ ಹೇಳಿದ, ಅಪ್ಪ ನಂಬಿದ, ಮಗ ಕಲ್ಲು ಎತ್ತಿಕೊಂಡ. ಅಷ್ಟೇ.

ದೊರೆ ಯೋಚನೆ ಮಾಡಿದ. 'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ದೊಡ್ಡವರನ್ನು ಬಿಡು, ಮಕ್ಕಳನ್ನು ಹಿಡಿ' ಅಂದುಕೊಂಡು ಬೆಟ್ಟ ಮುಗಿದು ಬಯಲು ಶುರುವಾಗುವ ಕಡೆ ಒಂದು ಶಾಲೆ ಕಟ್ಟಿಸಿದ. ಮಕ್ಕಳು ಅಲ್ಲೇ ಉಣ್ಣಬೇಕು, ಅಲ್ಲೇ ಮಲಗಬೇಕು, ಅಲ್ಲೇ ಓದಬೇಕು. ಓದಿಸೋಕೆ ಓಜಯ್ಯ ಅಂತ ಒಬ್ಬ ಮುದಿ ಗುರು. ಅಡುಗೆಗೆ ಗಂಗಜ್ಜಿ. ಉಗ್ರಾಣ ನೋಡಿಕೊಳ್ಳೋಕೆ ದೇಸಣ್ಣ ಅನ್ನೋ ಪಾರುಪತ್ಯಗಾರ. ಅರಮನೆಯಿಂದ ಮಕ್ಕಳಿಗೆ ಅಂತ ರಾಗಿ ಬರುತ್ತಿತ್ತು, ಬೆಲ್ಲ ಬರುತ್ತಿತ್ತು, ತುಪ್ಪ ಬರುತ್ತಿತ್ತು.

ಬಯಲಿನ ಮಕ್ಕಳು ಗಾಡಿಯಲ್ಲಿ ಬಂದು ಇಳಿದರು. ಬೆಟ್ಟದ ಮಕ್ಕಳು ನಡೆದು ಬಂದರು.

ಬೆಟ್ಟದಿಂದ ಬಂದವರಲ್ಲಿ ಕೇತಿ ಅಂತ ಒಬ್ಬ ಹುಡುಗಿ. ಕಣ್ಣು ಚುರುಕು, ಬಾಯಿ ಅದಕ್ಕಿಂತ ಚುರುಕು. ಬಂದ ದಿನವೇ ಎದ್ದು ನಿಂತು, "ಆನು ಕೇತಿ" ಅಂದಳು. ಬೆಟ್ಟದ ಮಾತಿನಲ್ಲಿ 'ನಾನು' ಅನ್ನೋಕೆ 'ಆನು' ಅಂತಾರೆ.

ಬಯಲಿನ ಮಕ್ಕಳು ಬಿದ್ದು ಬಿದ್ದು ನಕ್ಕರು. "ಆನು ಅಂತೆ! ಆನೆ ಬಂತು, ಆನೆ!" ಅಂದರು. ಅವಳು ಬಾಗಿಲಿಗೆ ಬಂದರೆ ಆನೆ. ಊಟಕ್ಕೆ ಕೂತರೆ ಆನೆ. ಪಾಠ ಒಪ್ಪಿಸೋಕೆ ಎದ್ದರೆ ಆನೆ. ಕೇತಿ ಮೊದಲು ಸಿಟ್ಟಾದಳು, ಆಮೇಲೆ ಅತ್ತಳು, ಆಮೇಲೆ ಮಾತೇ ಬಿಟ್ಟಳು. ಗುರುಗಳು ಕೇಳಿದರೂ ತಲೆ ಆಡಿಸೋಳು, ಅಷ್ಟೇ.

ಬಯಲಿನಿಂದ ಬಂದವರಲ್ಲಿ ಪದುಮಿ ಅಂತ ಒಬ್ಬಳು. ಊರಗೌಡನ ಮಗಳು. ಮಕ್ಕಳೆಲ್ಲ ಅವಳು ಹೇಳಿದ ಹಾಗೆ ಕೇಳೋರು. ಜಗಲಿಯ ಮೇಲೆ ನೀರಿನ ಕೊಡ ಎರಡು ಇದ್ದವು. ಇದು ನಮ್ಮದು, ಅದು ಬೆಟ್ಟದವರದ್ದು ಅಂತ ಅವಳೇ ಬೇರೆ ಮಾಡಿದ್ದಳು. ಒಂದು ದಿನ ಬಿಸಿಲು ಅಂದರೆ ಬಿಸಿಲು. ಬೆಟ್ಟದವರ ಕೊಡ ಬರಿದಾಗಿತ್ತು. ಕೇತಿ ಬಾಯಾರಿ ಬಯಲವರ ಕೊಡದಿಂದ ಒಂದು ಚೊಂಬು ನೀರು ತೆಗೆದುಕೊಂಡಳು. ಪದುಮಿ ಎದ್ದು ಬಂದಳು. ಬೈಯಲಿಲ್ಲ, ಹೊಡೆಯಲಿಲ್ಲ. ತುಂಬಿದ ಕೊಡ ಎತ್ತಿ, ಕೇತಿ ನೋಡುತ್ತಿದ್ದ ಹಾಗೇ, ನೀರನ್ನೆಲ್ಲ ನೆಲಕ್ಕೆ ಸುರಿದಳು.

ಮಕ್ಕಳೇ, ಆ ನೀರು ಮಣ್ಣಿಗೆ ಇಳಿದು ಹೋಯಿತು. ಕೇತಿಯ ಎದೆಯಲ್ಲಿ ಇಳಿದದ್ದು ಮಾತ್ರ ಅಲ್ಲೇ ಉಳಿಯಿತು. 'ಆನು ಮನೆಗೆ ಹೋಗ್ತೀನಿ' ಅಂತ ಮನಸ್ಸಿನಲ್ಲೇ ಅಂದುಕೊಂಡು ಅವಳು ಗಂಟು ಕಟ್ಟಿದಳು. ಗಂಗಜ್ಜಿ ಕಂಡು, "ಇವತ್ತೊಂದು ದಿನ ಇರು ಮಗಳೇ" ಅಂದಳು. ಮರುದಿನವೂ ಅದನ್ನೇ ಅಂದಳು. ಹಾಗೆ ಕೇತಿ ಉಳಿದಳು.

ಇನ್ನು ದೇಸಣ್ಣ. ಅವನಿಗೆ ಈ ಜಗಳ ಅಂದರೆ ಹಬ್ಬ. ಅರಮನೆಯಿಂದ ಬಂದ ಬೆಲ್ಲ ತುಪ್ಪ ಹಿಂಬಾಗಿಲಿನಿಂದ ಸೀದಾ ಅವನ ಮನೆಗೆ ಹೋಗುತ್ತಿತ್ತು. ಬೆಟ್ಟದ ಮಕ್ಕಳು ಕೇಳಿದರೆ, "ನೀವು ಮುಟ್ಟಿದ ಬೆಲ್ಲ ಬಯಲಿನ ಮಕ್ಕಳು ತಿನ್ನಲ್ಲವಂತೆ. ಅದಕ್ಕೇ ಅವರೇ ಎಲ್ಲ ತಗೊಂಡುಬಿಟ್ಟರು" ಅನ್ನೋನು. ಬಯಲಿನ ಮಕ್ಕಳು ಕೇಳಿದರೆ, "ಏನ್ ಮಾಡ್ಲಪ್ಪ, ಬೆಟ್ಟದವರು ಉಗ್ರಾಣಕ್ಕೆ ನುಗ್ಗಿ ಕದ್ದುಬಿಟ್ಟರು" ಅನ್ನೋನು. ಇವರು ಅವರನ್ನು ಬೈದರು, ಅವರು ಇವರನ್ನು ಬೈದರು. ದೇಸಣ್ಣನ ಮನೆಯಲ್ಲಿ ದಿನಾ ಹೋಳಿಗೆ.

ಗುರು ಓಜಯ್ಯ ನೋಡಿದ, ನೊಂದುಕೊಂಡ. ಮೊದಲು ಒಂದು ಉಪಾಯ ಮಾಡಿದ. ಬೆಟ್ಟದವನ ಪಕ್ಕ ಬಯಲವನು, ಬಯಲವಳ ಪಕ್ಕ ಬೆಟ್ಟದವಳು ಅಂತ ಸಾಲಾಗಿ ಕೂರಿಸಿದ. ಏನಾಯಿತು? ಮೊಣಕೈ ತಿವಿದವು, ಹಲಗೆ ಒಡೆದವು, ಒಬ್ಬನ ಹಲ್ಲೇ ಮುರಿಯಿತು. ಮೊದಲು ದೂರದಿಂದ ಬೈಯುತ್ತಿದ್ದವರು ಈಗ ಹತ್ತಿರದಿಂದ ಚಿವುಟಿದರು.

ಎರಡನೇ ಉಪಾಯ ಮಾಡಿದ. 'ಎಲ್ಲರ ರಕ್ತ ಕೆಂಪು, ಎಲ್ಲರ ಉಸಿರು ಬಿಸಿ' ಅಂತ ಒಂದು ಪದ್ಯ ಕಟ್ಟಿ ಬಾಯಿಪಾಠ ಮಾಡಿಸಿದ. ಮಕ್ಕಳು ಚೆನ್ನಾಗಿ ಹೇಳಿದರು. ರಾಗವಾಗಿ ಹೇಳಿದರು. ಬಾಗಿಲು ದಾಟಿದ ಮೇಲೆ, "ಲೇ ಆನೆ!" ಅಂದರು.

ಮೂರನೇ ಉಪಾಯ ಗುರುಗಳದ್ದಲ್ಲ. ತಾನಾಗಿಯೇ ಬಂತು.

ಸುಗ್ಗಿಯ ಕಾಲ. ರಾಗಿ ಬೀಸುತ್ತಿದ್ದ ಹೆಂಗಸರು ಕೊಯ್ಲಿಗೆ ಹೋದರು. ಗಂಗಜ್ಜಿಯ ಭುಜ ಹಿಡಿದುಕೊಂಡು ಕೈ ಎತ್ತೋಕೇ ಆಗಲಿಲ್ಲ. ರಾಗಿ ಇದೆ, ಹಿಟ್ಟಿಲ್ಲ. ಹಸಿವು ಇದೆ, ಮುದ್ದೆ ಇಲ್ಲ.

ಓಜಯ್ಯ ಅಡುಗೆಮನೆಗೆ ಬಂದ. ಅಲ್ಲಿ ಬೀಸುವ ಕಲ್ಲುಗಳನ್ನು ನೋಡಿದ. ಒಂದು ಕಲ್ಲು, ಒಂದು ಗೂಟ, ಎದುರು ಬದುರು ಇಬ್ಬರು. ಅವನ ಮುಖ ಅರಳಿತು.

"ಮಕ್ಕಳೇ, ಇವತ್ತಿನಿಂದ ನಿಮ್ಮ ಹಿಟ್ಟು ನೀವೇ ಬೀಸಿಕೊಳ್ಳಬೇಕು. ಒಂದು ಕಲ್ಲಿಗೆ ಇಬ್ಬರು. ಒಬ್ಬರು ಬೆಟ್ಟದವರು, ಒಬ್ಬರು ಬಯಲವರು. ಜೊತೆಗೆ ಬೀಸಿದವರು ಜೊತೆಗೆ ಉಣ್ಣಬೇಕು" ಅಂದ.

ದೇಸಣ್ಣ ಓಡಿ ಬಂದ. "ಅಯ್ಯಯ್ಯೋ, ಗುರುಗಳೇ! ಗೌಡರ ಮಗಳು ಬೀಸೋದಾ? ಕೈಗೆ ಬೊಬ್ಬೆ ಬಂದರೆ? ಬೀಸೋ ಕೆಲಸ ಬೆಟ್ಟದವರು ಮಾಡಲಿ, ಓದೋ ಕೆಲಸ ಬಯಲವರು ಮಾಡಲಿ."

"ಗೌಡರ ಮಗಳಿಗೂ ಒಂದೇ ಕೆಲಸ, ಗುಡ್ಡದ ಮಗಳಿಗೂ ಒಂದೇ ಕೆಲಸ. ದೊರೆ ಬಂದರೂ ಇದೇ ನೇಮ" ಅಂದುಬಿಟ್ಟ ಓಜಯ್ಯ.

ಪದುಮಿಯ ಎದುರಿಗೆ ಯಾರು ಬಂದರು? ಕೇತಿಯೇ.

ಮೊದಲ ದಿನ ಪದುಮಿ ಈ ಕಡೆ ಎಳೆದಳು, ಕೇತಿ ಆ ಕಡೆ ಎಳೆದಳು. ಕಲ್ಲು ಗೊರ್ ಅಂತು, ನಿಂತಿತು. ಹಿಟ್ಟಿಲ್ಲ. ಇಬ್ಬರೂ ಉಪವಾಸ.

ಎರಡನೇ ದಿನ ಹಸಿವು ಬುದ್ಧಿ ಹೇಳಿತು. ಇಬ್ಬರೂ ಒಂದೇ ಕಡೆ ತಿರುಗಿಸಿದರು. ಆದರೆ ಒಬ್ಬಳು ಜೋರು, ಒಬ್ಬಳು ನಿಧಾನ. ಹಿಟ್ಟು ಬಂತು, ಮರಳಿನ ಹಾಗೆ. ಇಬ್ಬರ ಅಂಗೈಯಲ್ಲೂ ಬೊಬ್ಬೆ ಬಂತು, ಒಂದೇ ಜಾಗದಲ್ಲಿ. ಕದ್ದು ಕದ್ದು ಒಬ್ಬರ ಅಂಗೈ ಇನ್ನೊಬ್ಬರು ನೋಡಿದರು.

ಮೂರನೇ ದಿನ ಕೇತಿಗೆ ಗೊತ್ತಿಲ್ಲದ ಹಾಗೇ ಅವಳ ಗಂಟಲಿನಿಂದ ಒಂದು ರಾಗ ಬಂತು. ಅವಳ ಅವ್ವ ಬೀಸುವಾಗ ಹಾಡುತ್ತಿದ್ದ ಹಾಡು.

'ಸುತ್ತೆಲೆ ಕಲ್ಲೇ, ಮೆತ್ತಗೆ ಸುತ್ತೆಲೆ,
ಎತ್ತಲ ರಾಗಿಯೊ ಕಾಣೆನೆ.
ಎತ್ತಲದಾದರು ಹತ್ತಿದ ಹಸಿವಿಗೆ
ತುತ್ತಿನ ರುಚಿಯೊಂದೆ ಕೇಳೆಲೆ.'

ಹಾಡು ಬಂದಿದ್ದೇ ತಡ, ಕೈಗೆ ಲಯ ಬಂತು. ಕೇತಿಯ ಕೈಗೆ ಬಂದದ್ದು ಪದುಮಿಯ ಕೈಗೂ ಬಂತು. ಕಲ್ಲು ಸರಸರ ತಿರುಗಿತು. ಹಿಟ್ಟು ಹೂವಿನ ಹಾಗೆ ಉದುರಿತು. ಅಷ್ಟರಲ್ಲಿ ಕೇತಿಗೆ ಎಚ್ಚರವಾಗಿ ತಟ್ಟನೆ ಬಾಯಿ ಮುಚ್ಚಿಕೊಂಡಳು. ಕಲ್ಲು ಮತ್ತೆ ತಡವರಿಸಿತು.

"ಯಾಕೆ ನಿಲ್ಲಿಸಿದೆ? ಮುಂದಿಂದು ಹೇಳು" ಅಂದಳು ಪದುಮಿ.

ಕೇತಿ ತಲೆ ಆಡಿಸಿದಳು.

"ಹೇಳೇ. ಕೈ ನೋಯುತ್ತೆ, ಹಾಡಿದ್ದರೆ ನೋಯಲ್ಲ."

"ಆನು ಹಾಡಿದರೆ ನೀನು ನಗ್ತೀಯ."

ಎಷ್ಟೋ ದಿನದ ಮೇಲೆ ಕೇತಿ ಆಡಿದ ಮೊದಲ ಮಾತು ಅದು. ಪದುಮಿಯ ಬಾಯಿಗೆ ನಗು ಬರಲಿಲ್ಲ. "ನಗಲ್ಲ" ಅಂದಳು. ನಗಲೂ ಇಲ್ಲ.

ಕೇತಿ ಹಾಡಿದಳು. ಮಾರನೇ ದಿನ ಪದುಮಿ ತನ್ನ ಅಜ್ಜಿಯ ಹಾಡು ಹಾಡಿದಳು. ಬೀಸುತ್ತಾ ಬೀಸುತ್ತಾ ಮಾತು ಬಂತು. ನಿಮ್ಮಲ್ಲಿ ಮಳೆಗೆ ಏನಂತೀರಿ, ನಿಮ್ಮಲ್ಲಿ ಕೋಳಿ ಹೇಗೆ ಕರೀತೀರಿ, ನಿಮ್ಮ ತಮ್ಮ ಎಷ್ಟು ಎತ್ತರ. ಹಾಗೇ ಉಳಿದ ಕಲ್ಲುಗಳ ಮುಂದೆಯೂ ಮಾತು ಮೊಳೆಯಿತು. ಎಲ್ಲರೂ ಒಂದೇ ದಿನಕ್ಕೆ ಒಳ್ಳೆಯವರಾದರು ಅಂತ ತಿಳಿಯಬೇಡಿ. ಕೆಲವರು ಬೇಗ ಕಲಿತರು. ಕೆಲವರು ತಡವಾಗಿ ಕಲಿತರು. ಒಬ್ಬಿಬ್ಬರು ಮುಖ ತಿರುಗಿಸಿಕೊಂಡೇ ಬೀಸಿದರು. ಆದರೆ 'ಆನೆ' ಅನ್ನೋ ಕೂಗು ದಿನೇ ದಿನೇ ಸಣ್ಣದಾಯಿತು.

ಒಂದು ದಿನ ಪದುಮಿ ಮನಸ್ಸಿನಲ್ಲಿದ್ದದ್ದು ಕೇಳೇಬಿಟ್ಟಳು. "ಕೇತಿ, ನೀನು ಒಳ್ಳೆಯವಳು. ನಿಮ್ಮವರು ಯಾಕೆ ಬೆಲ್ಲ ಕದೀತಾರೆ?"

ಕೇತಿ ಕಲ್ಲು ನಿಲ್ಲಿಸಿದಳು. "ಬೆಲ್ಲವಾ? ಈ ಶಾಲೆಗೆ ಬಂದ ಮೇಲೆ ಆನು ಬೆಲ್ಲದ ಬಣ್ಣವೇ ಕಂಡಿಲ್ಲ. ನಾವು ಮುಟ್ಟಿದ್ದು ನೀವು ತಿನ್ನಲ್ಲ, ಅದಕ್ಕೇ ಎಲ್ಲ ನೀವೇ ತಗೊಂಡಿರಿ ಅಂತ ದೇಸಣ್ಣ ಹೇಳಿದ."

"ನಾವಾ? ನಾವೂ ತಿಂದಿಲ್ಲ! ನೀವು ಕದ್ದಿರಿ ಅಂತ ದೇಸಣ್ಣ ಹೇಳಿದ!"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಇಬ್ಬರಿಗೂ ಒಟ್ಟಿಗೇ ತಿಳಿಯಿತು. ಒಂದೇ ಬಾಯಿ ಎರಡು ಕಿವಿಗೆ ಎರಡು ಸುಳ್ಳು ಸುರಿದಿತ್ತು.

ಪದುಮಿಗೆ ಮೊದಲು ಸಿಟ್ಟು ಬಂತು. ಆಮೇಲೆ ಸಿಟ್ಟು ಇಳಿದು ನಾಚಿಕೆ ಬಂತು. ತಲೆ ತಗ್ಗಿಸಿ, "ಬೆಲ್ಲದ ಸುಳ್ಳು ದೇಸಣ್ಣನದು. ಆದರೆ ಅವತ್ತು ನೀರು ಚೆಲ್ಲಿದ್ದು ದೇಸಣ್ಣ ಅಲ್ಲ. ನಾನು" ಅಂದಳು.

"ಹೂಂ" ಅಂದಳು ಕೇತಿ. "ಅದು ನೀನು."

ಪರವಾಗಿಲ್ಲ ಅಂತ ಅವಳು ಅನ್ನಲಿಲ್ಲ. ಯಾಕಂದರೆ ಆ ನೋವು ಇನ್ನೂ ಇತ್ತು. ಪದುಮಿ ಎದ್ದು ಬಾವಿಗೆ ಹೋದಳು. ತಾನೇ ಸೇದಿದಳು, ತಾನೇ ಹೊತ್ತು ತಂದಳು. ಎಲ್ಲ ಮಕ್ಕಳೂ ನೋಡುತ್ತಿದ್ದ ಹಾಗೇ ಎರಡು ಕೊಡ ಪಕ್ಕಪಕ್ಕ ಇಟ್ಟು ಎರಡಕ್ಕೂ ಅದೇ ನೀರು ತುಂಬಿದಳು. ಒಂದು ಚೊಂಬು ಮೊಗೆದು ಕೇತಿಗೆ ಕೊಟ್ಟಳು. ಕೇತಿ ಅರ್ಧ ಕುಡಿದಳು. ಉಳಿದರ್ಧ ಪದುಮಿ ಕುಡಿದಳು.

"ಈಗ ಸರಿಯಾಯ್ತು" ಅಂದಳು ಕೇತಿ. "ಈಗ ದೇಸಣ್ಣನ ಮಾತಾಡೋಣ."

ಮಕ್ಕಳು ಒಂದಾಗೋದು ದೇಸಣ್ಣನ ಕಣ್ಣಿಗೂ ಬಿತ್ತು. ಅರಮನೆಗೆ ಓಡಿದ. "ಮಹಾಪ್ರಭು, ಶಾಲೆ ರಣರಂಗ ಆಗಿದೆ. ಇವರನ್ನು ಕೂಡಿಸಬೇಡಿ. ಬೆಟ್ಟದವರಿಗೆ ಒಂದು ಶಾಲೆ, ಬಯಲವರಿಗೆ ಒಂದು ಶಾಲೆ ಮಾಡಿ. ಎರಡು ಉಗ್ರಾಣ ಆದರೂ ಪರವಾಗಿಲ್ಲ, ಕಷ್ಟಪಟ್ಟು ನಾನೇ ನೋಡ್ಕೋತೀನಿ" ಅಂದ.

ದೊರೆಗೆ ಬೇಸರವಾಯಿತು. "ಹುಣ್ಣಿಮೆಯ ದಿನ ಬರ್ತೀನಿ. ಕಣ್ಣಾರೆ ನೋಡಿ ತೀರ್ಮಾನ ಮಾಡ್ತೀನಿ. ನೀನು ಹೇಳಿದ್ದು ನಿಜವಾದರೆ ಶಾಲೆ ಒಡೆದು ಎರಡು ಮಾಡ್ತೀನಿ" ಅಂದ.

ಸುದ್ದಿ ಶಾಲೆಗೆ ಬಂತು. ಮಕ್ಕಳ ಮುಖ ಬಾಡಿತು. ಕೇತಿ ಮತ್ತು ಪದುಮಿ ಕಲ್ಲಿನ ಮುಂದೆ ಕೂತು ಗುಸುಗುಸು ಮಾತಾಡಿದರು. ಎದ್ದು ಹೋಗಿ ಗುರುಗಳಿಗೆ ಎಲ್ಲ ಹೇಳಿದರು. ಓಜಯ್ಯ ಕೋಲೂರಿಕೊಂಡು ಅರಮನೆಗೆ ನಡೆದ.

"ದೊರೆಯೇ, ನನ್ನ ಮಾತು ನಂಬಬೇಡ. ದೇಸಣ್ಣನ ಮಾತೂ ನಂಬಬೇಡ. ಹುಣ್ಣಿಮೆಯ ದಿನ ಪಲ್ಲಕ್ಕಿ ಹಿಂದೆ ಬರಲಿ. ನೀನು ಮುಂಚೆ ಬಾ, ಹಿತ್ತಿಲ ಬಾಗಿಲಿನಿಂದ ಬಾ. ಮಕ್ಕಳ ಜೊತೆ ಕೂತು ಒಂದು ಸೇರು ರಾಗಿ ಬೀಸು" ಅಂದ.

ಇತ್ತ ಪದುಮಿ ದೇಸಣ್ಣನ ಹತ್ತಿರ ಹೋದಳು. ಮೂಗು ಮುರಿದು, "ದೇಸಣ್ಣ, ಆ ಬೆಟ್ಟದವರ ಸಹವಾಸ ಸಾಕಾಯ್ತು. ಅವರು ಕಳ್ಳರು ಅಂತ ನೀನು ಹೇಳಿದರೆ ದೊರೆ ನಂಬಬೇಕಲ್ಲ? ಅವರು ಮಲಗೋ ಪಡಸಾಲೆಯಲ್ಲಿ ಬೆಲ್ಲ ಸಿಕ್ಕರೆ ನಂಬ್ತಾನೆ" ಅಂದಳು.

'ಆಹಾ, ಎಂಥಾ ಜಾಣೆ!' ಅಂದುಕೊಂಡ ದೇಸಣ್ಣ.

ಆಮೇಲೆ ಕೇತಿ ಹೋದಳು. ಕಣ್ಣೊರೆಸಿಕೊಂಡು, "ದೇಸಣ್ಣ, ಬಯಲವರು ಎನ್ನ ತುಂಬಾ ಗೋಳಾಡಿಸ್ತಾರೆ. ಅವರು ಮಲಗೋ ಪಡಸಾಲೆಯಲ್ಲಿ ಬೆಲ್ಲ ಸಿಕ್ಕರೆ ದೊರೆ ಅವರನ್ನೇ ಬೈತಾನೆ, ಅಲ್ವಾ?" ಅಂದಳು.

'ಇವಳು ಅವಳಿಗಿಂತ ಜಾಣೆ! ಇಬ್ಬರೂ ಕಳ್ಳರಾದರೆ ನಾನೊಬ್ಬನೇ ಸಾಚಾ. ಎರಡು ಶಾಲೆ, ಎರಡು ಉಗ್ರಾಣ, ಎರಡು ಪಾಲು ಬೆಲ್ಲ!' ಅಂದುಕೊಂಡ.

ಹುಣ್ಣಿಮೆಯ ದಿನ ಬಂತು. ಮಕ್ಕಳೆಲ್ಲ ಅಡುಗೆಮನೆಯಲ್ಲಿ ಬೀಸುತ್ತಿದ್ದರು. ಅಂಗಳ ಖಾಲಿ. ದೇಸಣ್ಣ ತಲೆಗೆ ಮುಸುಕು ಹಾಕಿಕೊಂಡ. ತನ್ನ ಮನೆಯಿಂದ ಬೆಲ್ಲದ ಮೂಟೆ ಹೊತ್ತು ತಂದು ಒಂದು ಪಡಸಾಲೆಯಲ್ಲಿಟ್ಟ. ಮತ್ತೆ ಹೋದ, ಇನ್ನೊಂದು ಮೂಟೆ ತಂದು ಇನ್ನೊಂದು ಪಡಸಾಲೆಯಲ್ಲಿಟ್ಟ. ಆಸೆಗೆ ಮಿತಿ ಇದೆಯಾ? ಸಾಕ್ಷಿ ಗಟ್ಟಿಯಾಗಲಿ ಅಂತ ಮೂರನೇ ಸಲ ತುಪ್ಪದ ಗಡಿಗೆಯನ್ನೂ ತಂದಿಟ್ಟ.

ಅಷ್ಟರಲ್ಲಿ ಮುಂಬಾಗಿಲಿಗೆ ಪಲ್ಲಕ್ಕಿ ಬಂತು. ದೇಸಣ್ಣ ಹಾರ ಹಿಡಿದು ಓಡಿದ. ಪರದೆ ಸರಿಸಿದ. ಪಲ್ಲಕ್ಕಿ ಖಾಲಿ!

"ಇಲ್ಲಿದ್ದೀನಿ ದೇಸಣ್ಣ" ಅಂತ ಹಿಂದಿನಿಂದ ದನಿ ಬಂತು. ನೋಡಿದರೆ ದೊರೆ ಅಡುಗೆಮನೆಯಿಂದ ಬರುತ್ತಿದ್ದಾನೆ. ಹಣೆಯೆಲ್ಲ ಬೆವರು, ಮೀಸೆಯೆಲ್ಲ ರಾಗಿ ಹಿಟ್ಟು. ಒಂದು ಕೈಯನ್ನು ಕೇತಿ ಹಿಡಿದಿದ್ದಾಳೆ, ಇನ್ನೊಂದನ್ನು ಪದುಮಿ ಹಿಡಿದಿದ್ದಾಳೆ.

ದೇಸಣ್ಣ ಬೆಚ್ಚಿಬಿದ್ದ. ಆದರೂ ಬಿಡಲಿಲ್ಲ. "ಮಹಾಪ್ರಭು, ಕಳ್ಳರು ಸಿಕ್ಕಿದ್ದಾರೆ! ಈ ಪಡಸಾಲೆ ನೋಡಿ, ಬೆಲ್ಲ! ಬೆಟ್ಟದವರು ಕದ್ದದ್ದು!"

"ಇನ್ನೊಂದು ಪಡಸಾಲೆ?"

"ಅಲ್ಲೂ ಬೆಲ್ಲ ಪ್ರಭು! ಬಯಲವರು ಕದ್ದದ್ದು!"

ಆಗ ಪದುಮಿ ಅಂದಳು, "ದೊರೆಯೇ, ಬೆಟ್ಟದವರ ಪಡಸಾಲೆ ಅನ್ನುತ್ತಾನಲ್ಲ, ಅಲ್ಲಿ ನನ್ನ ಚಾಪೆ ಇದೆ."

ಕೇತಿ ಅಂದಳು, "ಬಯಲವರದ್ದು ಅನ್ನುತ್ತಾನಲ್ಲ, ಅಲ್ಲಿ ಎನ್ನ ಕಂಬಳಿ ಇದೆ. ಮಲಗೋ ಜಾಗ ನಾವು ಆಗಲೇ ಬೆರೆಸಿಕೊಂಡಿದ್ದೀವಿ. ಈ ಶಾಲೆಯಲ್ಲಿ ಬೆಟ್ಟದ ಪಡಸಾಲೆ, ಬಯಲಿನ ಪಡಸಾಲೆ ಅಂತ ಇಲ್ಲ."

ದೊರೆ ಮೀಸೆಯ ಹಿಟ್ಟು ಕೊಡವಿದ. "ಅಡುಗೆಮನೆಯ ಕಿಟಕಿ ಅಂಗಳಕ್ಕಿದೆ ದೇಸಣ್ಣ. ಬೀಸುತ್ತಾ ಬೀಸುತ್ತಾ ನೋಡ್ತಿದ್ದೆ. ಒಬ್ಬ ಮುಸುಕು ಹಾಕಿಕೊಂಡು ಬಂದ, ಹೋದ. ಬಂದ, ಹೋದ. ಮೂರನೇ ಸಲ ಬಂದಾಗ ಮುಸುಕು ಜಾರಿತು. ಯಾರ ಮುಖ ಕಂಡಿತು ಅಂತ ನಾನೇ ಹೇಳಲಾ, ನೀನೇ ಹೇಳ್ತೀಯಾ?"

ದೇಸಣ್ಣ ದೊರೆಯ ಕಾಲಿಗೆ ಬಿದ್ದ.

ದೊರೆ ಅವನ ತಲೆ ತೆಗೆಸಲಿಲ್ಲ. ಊರು ಬಿಡಿಸಲೂ ಇಲ್ಲ. ಉಗ್ರಾಣದ ಬೀಗದ ಕೈ ಕಿತ್ತುಕೊಂಡು ಗಂಗಜ್ಜಿಗೆ ಕೊಟ್ಟ. "ದೇಸಣ್ಣ, ಈ ಮಕ್ಕಳ ರಾಗಿಯನ್ನು ಇನ್ನು ಮೇಲೆ ನೀನು ಬೀಸು. ಎದುರಿಗೆ ಒಂದು ದಿನ ಬೆಟ್ಟದವರು ಕೂರ್ತಾರೆ, ಒಂದು ದಿನ ಬಯಲವರು ಕೂರ್ತಾರೆ. ಅವರ ಮಾತು ಕೇಳು. ನೀನು ಮಾತಾಡಬೇಡ" ಅಂದ. ಮಕ್ಕಳು ಅವತ್ತು ಬೆಲ್ಲ ತಿಂದರು ನೋಡಿ, ಕೈ ಬಾಯೆಲ್ಲ ಅಂಟು.

ಸುಗ್ಗಿ ಮುಗಿಯಿತು. ರಜೆ ಬಂತು. ಮಕ್ಕಳನ್ನು ಕರೆದುಕೊಂಡು ಹೋಗೋಕೆ ದೊಡ್ಡವರು ಬಂದರು. ಬೆಟ್ಟದವರು ಒಂದು ಕಡೆ ನಿಂತರು, ಬಯಲವರು ಒಂದು ಕಡೆ ನಿಂತರು. ಅವರಿಗೇನು ಗೊತ್ತು ಪಾಪ, ಅವರು ಕಲ್ಲಿನ ಮುಂದೆ ಕೂತಿರಲಿಲ್ಲ.

ಗೌಡ ಗಾಡಿಯಿಂದ ಇಳಿದ. ಮಗಳ ಅಂಗೈ ನೋಡಿದ. ಒಡೆದು ಜಡ್ಡುಗಟ್ಟಿತ್ತು. ಅವನ ಮುಖ ಕೆಂಪಾಯಿತು. "ಯಾರು ನಿನ್ನ ಕೈಯಲ್ಲಿ ಬೀಸಿಸಿದ್ದು?" ಅಂತ ಗುಡುಗಿದ.

ಬೆಟ್ಟದವರ ಗುಂಪಿನಿಂದ ಒಬ್ಬ ಹೆಂಗಸು ಹೊರಗೆ ಬಂದಳು. ಕೇತಿಯ ಅವ್ವ. ಗೌಡನ ಕಡೆ ನೋಡಲೇ ಇಲ್ಲ. ಪದುಮಿಯ ಕೈ ಹಿಡಿದುಕೊಂಡಳು. ಸೊಂಟದ ಚೀಲದಿಂದ ಜೇನುಮೇಣ ತೆಗೆದು, ಅಂಗೈಯ ಬಿಸಿಗೆ ಕರಗಿಸಿ, ಬಿರುಕು ಬಿರುಕಿಗೂ ಮೆಲ್ಲಗೆ ಸವರಿದಳು. ಸವರುತ್ತಾ, "ಎನ್ನ ಮಗಳಿಗೆ ಮಾತು ಮರಳಿ ಕೊಟ್ಟ ಕೈಯಂತೆ ಇದು. ಕೇತಿ ಎಲ್ಲ ಹೇಳಿದಳು" ಅಂದಳು.

ಪದುಮಿಗೆ ತಾಯಿ ಇರಲಿಲ್ಲ ಮಕ್ಕಳೇ. ಹುಟ್ಟಿದಾಗಲೇ ಹೋಗಿಬಿಟ್ಟಿದ್ದಳು. ಹೀಗೆ ಕೂತು ಕೈಗೆ ಮದ್ದು ಸವರಿದವರು ಯಾರೂ ಇರಲಿಲ್ಲ. ಅವಳು ಸುಮ್ಮನೆ ಆ ತಾಯಿಯ ಭುಜಕ್ಕೆ ತಲೆ ಆನಿಸಿದಳು.

ಗೌಡ ನೋಡುತ್ತಾ ನಿಂತ. ಆಮೇಲೆ ರುಮಾಲು ತೆಗೆದು ಕೈ ಮುಗಿದ. "ತಾಯೀ, ನನ್ನ ಮನೆಯಲ್ಲಿ ಎಲ್ಲ ಇದೆ. ಇದೊಂದು ಇರಲಿಲ್ಲ. ನಿನ್ನ ಋಣ ನಾನು ಹೇಗೆ ತೀರಿಸಲಿ?" ಅಂದ.

"ಋಣ ಯಾಕಪ್ಪಾ" ಅಂದಳು ಅವಳು. "ಎನ್ನ ಮಗಳೂ ನಿನ್ನ ಮಗಳ ಜೊತೆ ಉಂಡಿದ್ದಾಳೆ."

ಗೌಡ ಗಾಡಿಯ ಹುಲ್ಲು ಸರಿಮಾಡಿದ. "ಬೆಟ್ಟದ ಮೇಲೆ ಗಾಡಿ ಹತ್ತುವಷ್ಟು ದೂರ ನಾನೇ ಬಿಟ್ಟು ಬರ್ತೀನಿ. ಹತ್ತಿ" ಅಂದ. ಬೆಟ್ಟದವರು ಮೊದಲು ಅನುಮಾನಿಸಿದರು. ಕೇತಿ ಹಾರಿ ಹತ್ತಿದಳು. ಅವಳ ಹಿಂದೆ ಅವಳ ಅವ್ವ ಹತ್ತಿದಳು. ಅವಳ ಹಿಂದೆ ಉಳಿದವರು ಹತ್ತಿದರು. ಓಜಯ್ಯ ಬಾಗಿಲಲ್ಲಿ ನಿಂತು ಗಾಡಿ ಮರೆಯಾಗುವವರೆಗೂ ನೋಡಿದ. ಗಾಡಿಯೊಳಗಿನಿಂದ ಮಕ್ಕಳೆಲ್ಲ ಅವನ ಕಡೆ ತಿರುಗಿ ಕೈ ಮುಗಿಯುತ್ತಲೇ ಇದ್ದರು.

ತಿಳಿಯಿತಾ ಮಕ್ಕಳೇ? ಕಾಣದವರ ಬಗ್ಗೆ ಕೇಳಿದ ಮಾತು ನಂಬಬೇಡಿ. ನಿಮ್ಮಿಬ್ಬರನ್ನು ದೂರ ಇಟ್ಟು ಇಬ್ಬರಿಗೂ ಚಾಡಿ ಹೇಳುವವನು ಇಬ್ಬರ ಪಾಲನ್ನೂ ತಿನ್ನುತ್ತಾನೆ. ಪಕ್ಕದಲ್ಲಿ ಕೂತರೆ ಸಾಲದು, ಬಾಯಲ್ಲಿ ಎಲ್ಲರೂ ಒಂದೇ ಅಂದರೂ ಸಾಲದು. ಸಮ ಸಮವಾಗಿ ಕೂಡಿ ದುಡಿಯಬೇಕು, ಕೂಡಿ ಉಣ್ಣಬೇಕು, ತಪ್ಪು ಮಾಡಿದ್ದರೆ ನಾನೇ ಮಾಡಿದ್ದು ಅನ್ನಬೇಕು. ಹಾಗೆ ಮಾಡಿದವರಿಗೆ ಮನುಷ್ಯರು ಸಿಗುತ್ತಾರೆ. ನಿಮ್ಮನ್ನು ಹಾಗೆ ಕೂಡಿಸಿದವರು ಯಾರಾದರೂ ಇದ್ದರೆ ಅವರನ್ನು ನೆನೆಯಿರಿ, ಬದುಕಿದ್ದರೆ ಹೋಗಿ ಕಾಲು ಮುಟ್ಟಿ ಬನ್ನಿ.

ಹೇಳಿದ ನನಗೂ ಒಳ್ಳೆಯದಾಗಲಿ, ಕೇಳಿದ ನಿಮಗೂ ಒಳ್ಳೆಯದಾಗಲಿ. ಏಳಿ ಈಗ, ಊಟಕ್ಕೆ ಹೊತ್ತಾಯಿತು.